ಹಿಮ ನೋಡಲು ಬಂದ ಅತ್ತೆ

"ಇವತ್ತೂ ಬೀಳಲ್ವಂತಾ?" ವತ್ಸಲಮ್ಮ ಅಡುಗೆಮನೆಯ ಕಿಟಕಿಗೆ ಮೂಗು ತಾಗಿಸಿ ಕೇಳಿದರು. ಬೆಳಗಿನಿಂದ ಇದು ಆರನೇ ಸಲ.

"ಬಿದ್ರೆ ನಿಮ್ಗೆ ಹೇಳ್ದೇ ಇರ್ತೀನಾ ಅತ್ತೆ?" ಸೊಸೆ ಗಾನವಿ ಫೋನಿನಲ್ಲಿ ಹವಾಮಾನ ನೋಡುತ್ತಲೇ ಸಿಡುಕಿದಳು.

ಅವಳಿಗೆ ಸಾಕಾಗಿಹೋಗಿತ್ತು. ಬೆಸ್ಟ್ ಎಂಬ ಪರದೇಶದ ಊರಿನ ಈ ಪುಟ್ಟ ಮನೆಗೆ ಅತ್ತೆ ಮೈಸೂರಿನಿಂದ ಬಂದಿಳಿಯುತ್ತಿರುವುದು ಇದು ಮೂರನೇ ಚಳಿಗಾಲ. ಕಾರಣ ಒಂದೇ: ವರ್ಷದ ಮೊದಲ ಹಿಮ ಬೀಳುವುದನ್ನು ಕಣ್ಣಾರೆ ನೋಡಬೇಕು. "ಒಂದ್ಸಲ ನೋಡ್ಬಿಟ್ರೆ ಮುಗೀತಪ್ಪ, ಮತ್ತೆ ಈ ಹಾಳು ಚಳಿಗೆ ಕಾಲಿಡಲ್ಲ" ಎಂದು ಮಗ ಚಿರಾಗ್‌ಗೆ ಮಾತು ಕೊಟ್ಟಿದ್ದರು.

ಅಲ್ಲಿಯವರೆಗೆ ವರ್ಷಕ್ಕೆ ಮೂರು ತಿಂಗಳ ವೀಸಾ, ಮೂರು ತಿಂಗಳ ರಗಳೆ. ಸಾರಿಗೆ ಹುಳಿ ಸಾಲದು. ಹೀಟರ್ ಜಾಸ್ತಿಯಾಯಿತು, ಇಲ್ಲವೇ ಕಮ್ಮಿಯಾಯಿತು. ಡಿಶ್‌ವಾಷರ್ ತೊಳೆದ ಪಾತ್ರೆಗಳನ್ನು ತೆಗೆದು ಇನ್ನೊಮ್ಮೆ ತೊಳೆಯುವುದು. ಚಿರಾಗ್ ಆಫೀಸಿನಿಂದ ಬರುವುದು ಸಂಜೆ ಏಳಕ್ಕೆ. ಅಷ್ಟು ಹೊತ್ತೂ ಅತ್ತೆ, ಸೊಸೆ ಇಬ್ಬರೇ.

ಈ ದರಿದ್ರ ಹಿಮವೋ, ಹೇಳಿದ ಹೊತ್ತಿಗೆ ಬೀಳುವ ಜಾತಿಯದಲ್ಲ. ಮೊದಲ ವರ್ಷ ಅತ್ತೆ ವಾಪಸ್ ವಿಮಾನ ಹತ್ತಿದ ಮರುದಿನ ಬಿತ್ತು. ಕಳೆದ ವರ್ಷ ಬೆಳಗಿನ ಜಾವ ಬಿದ್ದು, ಒಂಬತ್ತಕ್ಕೆಲ್ಲ ಕರಗಿ ನೀರಾಯಿತು. ಅತ್ತೆ ಎದ್ದದ್ದು ಹತ್ತಕ್ಕೆ. "ನೆಗಡಿ ಮಾತ್ರೆ ತಗೊಂಡು ಮಲಗಿದ್ರಲ್ಲ, ಎಬ್ಬಿಸೋಕೆ ಮನಸ್ಸಾಗ್ಲಿಲ್ಲ" ಎಂದಿದ್ದಳು ಗಾನವಿ. ಅತ್ತೆ ಹಣೆ ಹಣೆ ಚಚ್ಚಿಕೊಂಡಿದ್ದರು.

ಈ ಸಲ ಅವರು ಹೊರಡಲು ಉಳಿದದ್ದು ಎರಡೇ ದಿನ.

"ಇನ್ನೆರಡು ದಿನ ತಡ್ಕೊಳೇ," ಎಂದು ಸಂಜೆ ಮನೆಗೆ ಬಂದ ಚಿರಾಗ್ ನಕ್ಕ.

"ತಡ್ಕೊಂಡೇ ಇದೀನಲ್ಲ!" ಗಾನವಿ ಮತ್ತೆ ಫೋನು ನೋಡಿದಳು.

ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು ನೋಡುತ್ತಾಳೆ, ಬೀದಿದೀಪದ ಕೆಳಗೆ ರಸ್ತೆ, ಬೇಲಿ, ಸೈಕಲ್ಲಿನ ಸೀಟು ಎಲ್ಲ ಬೆಳ್ಳಗೆ! ಬರಿಗಾಲಲ್ಲೇ ಅತ್ತೆಯ ಕೋಣೆಗೆ ಓಡಿದಳು.

ಅವರು ಏಳುವ ಮೊದಲೇ ಕಿಟಕಿಯ ಪರದೆ ಮುಚ್ಚಬೇಕು, ಕಳೆದ ವರ್ಷ ಮುಚ್ಚಿದ ಹಾಗೆ. ಅತ್ತೆ ಹಿಮ ನೋಡಿಬಿಟ್ಟರೆ ಕಥೆ ಮುಗಿಯಿತು. ಮುಂದಿನ ಚಳಿಗಾಲ ಪೂರ್ತಿ ಈ ಮನೆಯಲ್ಲಿ ಅವಳೊಬ್ಬಳೇ ಯಾರ ಜೊತೆ ಜಗಳವಾಡಬೇಕು?

ಸದ್ದಾಗದಂತೆ ಬಾಗಿಲು ತಳ್ಳಿದಳು. ವತ್ಸಲಮ್ಮ ಕಿಟಕಿಯ ಮುಂದೆ ನಿಂತು, ಎರಡೂ ಕೈಯಲ್ಲಿ ಪರದೆ ಎಳೆದು ಮುಚ್ಚುತ್ತಿದ್ದರು.

"ಈ ವರ್ಷನೂ ಬೀಳ್ಲಿಲ್ಲ ಕಣೇ ಗಾನವಿ," ಎಂದರು. "ಮುಂದಿನ ವರ್ಷ ಬರ್ಲೇಬೇಕಾಯ್ತು."