ಗೋಡೆಯಾಚೆಯ ನಗು

ಗಂಡಸರ ಕಡೆಯಿಂದ ಬಂದ ಆ ನಗು ತನ್ನ ಗಂಡನದೇ ಎಂದು ತಿಳಿಯಲು ನಲಿನಿಗೆ ತುಸು ಹೊತ್ತು ಹಿಡಿಯಿತು. ಸಿಂದಗಿಯ ಟಾಕೀಸಿನಲ್ಲಿ ಹೆಂಗಸರಿಗೂ ಗಂಡಸರಿಗೂ ನಡುವೆ ಎದೆಮಟ್ಟದ ಗೋಡೆಯಿತ್ತು. ಹಳೇ ಕಾಲದ ಸಿನಿಮಾದವರನ್ನು ಗೇಲಿ ಮಾಡುವ ಚಿತ್ರ ಅದು. ನಾಯಕಿ ಮೂರ್ಛೆ ಹೋದಾಗಲೆಲ್ಲ ನಾಯಕನ ತೋಳು ತಪ್ಪಿ ನೆಲಕ್ಕೆ ಬೀಳುತ್ತಿದ್ದಳು. ಹತ್ತು ವರ್ಷದ ಸಂಸಾರದಲ್ಲಿ ವಿಠ್ಠಲ ಒಮ್ಮೆಯೂ ಹೀಗೆ ನಕ್ಕಿರಲಿಲ್ಲ. ಅವನನ್ನು ನಗಿಸಿದ ಪರದೆಯ ಆ ಬಣ್ಣದ ಹೆಣ್ಣಿನ ಮೇಲೆ ನಲಿನಿಗೆ ಹೊಟ್ಟೆ ಉರಿಯಿತು.

"ನಿಮ್ಮ ಮನಿಯವ್ರು ಭಾರಿ ನಗ್ತಾರ ಬಿಡ್ರಿ," ಎಂದಳು ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯ ಮಂಜರಿ.

"ಮನ್ಯಾಗೂ ಹಿಂಗ ರೀ," ಎಂದು ನಲಿನಿ ಸುಳ್ಳು ಹೇಳಿದಳು.

ಮಧ್ಯಂತರದಲ್ಲಿ ವಿಠ್ಠಲ ಗೋಡೆಯ ಬಳಿ ಬಂದ. ಮುಖ ಎಂದಿನಂತೆ ಬಿಗಿದಿತ್ತು, ಕಣ್ಣಂಚು ಮಾತ್ರ ಇನ್ನೂ ಒದ್ದೆ. "ಬರೇ ಹುಚ್ಚಾಟ. ಬ್ಯಾಸರಾಗಿದ್ರ ಮನಿಗೆ ಹೋಗೂಣೇನು?"

ಹೂಂ ಎಂದರೆ ಆ ಹೆಣ್ಣಿನ ಆಟ ಅಲ್ಲಿಗೇ ಮುಗಿಯುತ್ತಿತ್ತು. "ಬ್ಯಾಡ್ರಿ, ಪೂರಾ ನೋಡೂಣು," ಎಂದ ನಲಿನಿ, ಮಂಜರಿಯನ್ನು ಈಚೆ ಸರಿಸಿ ಗೋಡೆಗೆ ತಾಗಿದ, ಆ ನಗು ಹತ್ತಿರ ಕೇಳುವ ಕುರ್ಚಿಯಲ್ಲಿ ಕುಳಿತಳು.