ಹುಲ್ಲಿನ ಕರು

"ಗಟ್ಟ್ಯಾಗಿ ಹಿಡಿಯವ್ವಾ," ಎನ್ನುತ್ತ ಸೋನಾಬಾಯಿ ಸತ್ತ ಎಮ್ಮೆಗರುವಿನ ಚರ್ಮದೊಳಗೆ ಒಣಹುಲ್ಲು ತುರುಕಿ, ದಬ್ಬಣದಿಂದ ಹೊಟ್ಟೆ ಹೊಲಿದಳು. ನಿಪ್ಪಾಣಿ ಸಂತೆಯಿಂದ ಆ ಮನೆಗೆ ಬರುತ್ತಿದ್ದುದು ಉಪ್ಪೊಂದೇ. ಚರ್ಮ ಒಣಗಿಸಲು ಅದೂ ಖರ್ಚಾಗಿತ್ತು. ಗಂಡುಗರುವಿಗೆ ಹಾಲು ದಂಡವೆಂದು ಅವಳೇ ಅದನ್ನು ತಾಯಿಯಿಂದ ದೂರ ಕಟ್ಟಿ, ಹಸಿವಿನಿಂದ ಸಾಯಿಸಿದ್ದಳು. ಈಗ ಅದರ ಕಾಲು ಹಿಡಿದು ಕೂತವಳು ಬಸುರಿ ಸೊಸೆ ಶೀತಲ.

ಹುಲ್ಲಿನ ಕರುವನ್ನು ಮುಂದಿಟ್ಟಿದ್ದೇ ತಡ, ಕರು ಸತ್ತಾಗಿನಿಂದ ಹಾಲು ಬಿಡದಿದ್ದ ಎಮ್ಮೆ ಅದನ್ನು ನೆಕ್ಕಿತು. ಶೀತಲಳ ಕೈಯನ್ನೂ ನೆಕ್ಕಿತು. ಸೋನಾಬಾಯಿಯ ಬಕೆಟ್ಟಿಗೆ ಹಾಲು ಸೊರ್ರನೆ ಇಳಿಯಿತು.

"ನೋಡಿದ್ಯಾ? ನಮ್ಮ ಮನ್ಯಾಗ ಯಾವದೂ ದಂಡ ಆಗೂದಿಲ್ಲ."

"ಹೆಣ್ಗರ ಆಗಿದ್ರ ಬದುಕ್ತಿತ್ತಲ್ರಿ, ಅತ್ತಿ," ಶೀತಲ ಬಿಕ್ಕಿದಳು.

"ಹೌದವ್ವಾ. ಎಮ್ಮಿಗಿ ಹೆಣ್ಣಾಗಬೇಕು." ಸೋನಾಬಾಯಿ ಹಾಲಿನ ಕೈಯನ್ನು ಸೊಸೆಯ ಹೊಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು. "ನಿನಗ ಆಗಬಾರ್ದು."