ಹಗುರವಾದ ಮನೆ

ಕಾಡುಮೇಡು ಸುತ್ತುವ ಟ್ರಕ್ಕಿನ ಬೆನ್ನ ಮೇಲಿನ ಪುಟ್ಟ ಮನೆಯಲ್ಲೇ ಗಂಡ ಹೆಂಡತಿಯ ಸಂಸಾರ. ಭಾರ ಕಡಿಮೆಯಾಗಲೆಂದು ಅವನು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕೊಯ್ದಿದ್ದ. ಈಗ ಆ ಟ್ರಕ್ಕು ಹೊಳೆಯ ನಡುವೆ ಮರಳಲ್ಲಿ ಹೂತಿತ್ತು. ನೀರು ಏರುತ್ತಿತ್ತು.

"ಇನ್ನೂ ಭಾರ ಇದೆ ಕಣೇ, ಇಳಿಸು!" ಸ್ಟೇರಿಂಗ್ ಹಿಡಿದೇ ಅವನು ಕೂಗಿದ.

ಅವಳು ಸಿಲಿಂಡರ್, ಹಾಸಿಗೆ, ಅವನ ಕಣ್ಣು ತಪ್ಪಿಸಿ ಇಟ್ಟುಕೊಂಡಿದ್ದ ಕುಟ್ಟಾಣಿಯನ್ನೂ ದಡಕ್ಕೆ ಹೊತ್ತೊಯ್ದು ಇಟ್ಟು ಬಂದಳು.

"ಸಾಕು, ನೀವೂ ಇಳಿದು ಬನ್ರೀ!"

"ಮನೆ ಬಿಟ್ಟು ಎಲ್ಲಿಗೆ ಬರ್ಲಿ? ಕುಡಿಯೋ ನೀರಿನ ಟ್ಯಾಂಕೂ ಖಾಲಿ ಮಾಡು!"

ಅವಳು ನಲ್ಲಿ ತಿರುಗಿಸಿ, ಎದೆಮಟ್ಟದ ನೀರಲ್ಲಿ ದಡ ಸೇರಿದಳು. ಸ್ವಲ್ಪ ಹೊತ್ತಿಗೆ ಟ್ರಕ್ಕು ಅಲುಗಾಡಿತು.

"ಎದ್ದಿತು ಕಣೇ, ಎದ್ದಿತು!" ಅವನು ಕೇಕೆ ಹಾಕಿದ.

ಚಕ್ರಗಳು ಜೋರಾಗಿ ತಿರುಗುತ್ತಿದ್ದವು. ಟ್ರಕ್ಕು ಮಾತ್ರ ಅಡ್ಡಡ್ಡಲಾಗಿ, ಹೊಳೆ ಹರಿಯುವ ಕಡೆಗೆ ಹೊರಟಿತ್ತು.